ಹಲಿಯೈಸ್ ಪಟ್ಟಣವೂ ನಮ್ಮೂರ ಕರುಗಲ್ಲೂ

ನಾನು ಓದು ಬಿಟ್ಟಿದ್ದು ೧೯೮೯ರಲ್ಲಿ, ಎಂಟನೇ ಕ್ಲಾಸಿನ ದಸರಾ ರಜೆ ಮುಗಿದ ಮಾರನೇ ವಾರ. ಮನೆಯಲ್ಲಿ ಕಷ್ಟ ಇತ್ತು, ಸೋದರಮಾವ ಗಾರೆ ಕೆಲಸಕ್ಕೆ ಆಳು ಹುಡುಕುತ್ತಿದ್ದ, ಅದೆಲ್ಲ ನಿಜ. ಆದರೆ ಆವತ್ತು ಚೀಲ ಹೆಗಲಿಗೇರಿಸಿ ಎದ್ದು ಬಂದದ್ದಕ್ಕೆ ಕಾರಣ ಬೇರೆ. ಮೇಷ್ಟರು ಯಾವುದೋ ಫಾರಂ ತುಂಬಿಸುತ್ತಿದ್ದರು. ಊರು ಯಾವುದು ಎಂದು ಕೇಳಿದರು. ಹೊಳೆಸಾಲಹಳ್ಳಿ ಎಂದೆ. ಅದು ನೀರಲ್ಲಿ ಮುಳುಗಿ ಎಷ್ಟು ವರ್ಷ ಆಯ್ತು, ಕಾಲೋನಿ ಅಂತ ಬರೆ ಎಂದರು. ಕ್ಲಾಸೆಲ್ಲ ನಕ್ಕಿತು. ನಾನು ಬರೆಯಲಿಲ್ಲ, ಎದ್ದೆ. ಮಾವನ ಜೊತೆ ಕರಣೆ ಹಿಡಿದವನು ಮತ್ತೆ ಆ ಕಡೆ ಹೋಗಲಿಲ್ಲ.

ಊರು ಮುಳುಗಿದ್ದು ಸುಳ್ಳಲ್ಲ. ಗೊರೂರಿನ ಆಚೆ, ಹೇಮಾವತಿ ದಂಡೆಯಲ್ಲಿ ಇತ್ತು. ಡ್ಯಾಮು ಕಟ್ಟಿದಾಗ ನೀರು ನಿಲ್ಲುವ ಜಾಗಕ್ಕೆ ಸೇರಿತು. ಲಾರಿ ಬಂದಾಗ ನನಗೆ ಮೂರು ವರ್ಷ. ಹಳ್ಳಿಮೈಸೂರಿನ ಪಕ್ಕ ಒಣಭೂಮಿಯಲ್ಲಿ ಮನೆಗೊಂದು ಸೈಟು, ಒಂದಿಷ್ಟು ಜಮೀನು ಕೊಟ್ಟರು. ಕಾಗದದಲ್ಲಿ ಅದು ಪುನರ್ವಸತಿ ಕಾಲೋನಿ. ಸುತ್ತಲ ಊರವರ ಬಾಯಲ್ಲಿ ಮುಳುಗಡೆ ಕಾಲೋನಿ. ನಮ್ಮ ಬಾಯಲ್ಲಿ ಮಾತ್ರ ಅದು ಇವತ್ತಿಗೂ ಹೊಳೆಸಾಲಹಳ್ಳಿ.

ಹೋದ ತಿಂಗಳು ಚನ್ನರಾಯಪಟ್ಟಣದಲ್ಲಿ ಒಂದು ಹಳೇ ಮನೆಯ ದೇವರಕೋಣೆ ಕೆರೆದು ಹೊಸ ಗಾರೆ ಹಾಕುತ್ತಿದ್ದೆ. ದೀಪದ ಗೂಡಿಗೆ ಉಳಿ ಇಟ್ಟೆ. ಎಷ್ಟೋ ಕಾಲದ ಎಣ್ಣೆಕಪ್ಪು ಚಕ್ಕೆ ಚಕ್ಕೆಯಾಗಿ ಎದ್ದು ಬಂತು, ಜೊತೆಗೇ ಹಳೇ ಹರಳೆಣ್ಣೆಯ ವಾಸನೆ. ಆ ವಾಸನೆ ನನಗೆ ಗೊತ್ತು. ಎರಡು ವರ್ಷದ ಹಿಂದಿನ ಬೇಸಿಗೆ ಪೂರಾ ಅದು ನನ್ನ ಉಗುರಿನ ಸಂದಿಯಲ್ಲಿತ್ತು. ಉಳಿ ಕೆಳಗಿಟ್ಟು ಕೈ ಮೂಸಿದೆ.

ಆ ಬೇಸಿಗೆ ನಾನು ಹೊಳೆನರಸೀಪುರದಲ್ಲಿ ಸುಲೋಚನಾ ಮೇಡಂ ಮನೆಯ ಕೆಲಸ ಹಿಡಿದಿದ್ದೆ. ಹಾಸನದ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡಿ ರಿಟೈರಾದವರು. ನೆಲಕ್ಕೆ ಟೈಲ್ಸು, ಒಂದು ಗೋಡೆ ತುಂಬ ಪುಸ್ತಕದ ಗೂಡು, ಹಿತ್ತಿಲಲ್ಲಿ ನೀರಿನ ತೊಟ್ಟಿ, ಇಷ್ಟು ಕೆಲಸ. ಮಳೆ ಮರೆತ ವರ್ಷ ಅದು. ಸೇತುವೆ ಮೇಲಿಂದ ನೋಡಿದರೆ ಹೊಳೆಯಲ್ಲಿ ಬಂಡೆಗಳೇ ಜಾಸ್ತಿ. ಹತ್ತು ಗಂಟೆಗೆಲ್ಲ ಸಿಮೆಂಟು ಕಲಸಿದ ಬಾಂಡ್ಲಿ ಕಾದು ಕೈ ಸುಡುತ್ತಿತ್ತು.

ಮೇಡಂ ಒಂದು ಪುಸ್ತಕ ಬರೆಯುತ್ತಿದ್ದರು. ಗ್ರೀಸ್ ದೇಶದ ಕಡಲ ದಡದ ಒಂದು ಸಣ್ಣ ಪಟ್ಟಣದ ಚರಿತ್ರೆ. ಹಲಿಯೈಸ್ ಅಂತ ಅದರ ಹೆಸರು. ಅವರು ಪ್ರಾಯದಲ್ಲಿ ಒಮ್ಮೆ ಆ ದೇಶಕ್ಕೆ ಹೋಗಿ ಆ ಜಾಗ ನೋಡಿ ಬಂದಿದ್ದರಂತೆ. ನಾನು ಕೆಲಸಕ್ಕೆ ನಿಂತ ಎರಡನೇ ದಿನವೇ ಹಾಳೆ ಹಿಡಿದು ಬಂದರು. ರಾಜಣ್ಣ, ಒಂದು ನಿಮಿಷ ಕೇಳಿ, ಇದು ಅರ್ಥ ಆಗುತ್ತಾ ಹೇಳಿ ಎಂದರು. ದಡ್ಡನಿಗೆ ಅರ್ಥವಾದರೆ ಎಲ್ಲರಿಗೂ ಆಗುತ್ತೆ ಅನ್ನುವ ಲೆಕ್ಕ ಇರಬೇಕು ಅಂತ ನನಗೆ ಒಳಗೇ ಉರಿಯಿತು.

"ಅರ್ಥ ಆಗ್ದೆ ಏನು ಮೇಡಂ? ನಾನು ಬಿಟ್ಟಿರೋದು ಸ್ಕೂಲು, ಕಿವಿ ಅಲ್ಲ" ಎಂದೆ.

ಅವರು ಜೋರಾಗಿ ನಕ್ಕರು. ಬೇಜಾರು ಮಾಡಿಕೊಳ್ಳಲಿಲ್ಲ. ಅವತ್ತಿನಿಂದ ದಿನಾ ಹತ್ತೂವರೆಯ ಕಾಫಿಯ ಜೊತೆ ಎರಡು ಹಾಳೆ ಹಲಿಯೈಸ್.

ಎರಡೂವರೆ ಸಾವಿರ ವರ್ಷದ ಹಿಂದಿನ ಮಾತು. ಪಟ್ಟಣ ಅನ್ನುವುದು ಹೆಸರಿಗೆ. ನಮ್ಮ ಅರಕಲಗೂಡು ಪೇಟೆಯ ಮುಂದೆ ಅದು ಒಂದು ಬೀದಿ. ಗುಡ್ಡದ ಮೇಲೆ ಕೋಟೆ, ಗುಡ್ಡದ ಇಳಿಜಾರಿಂದ ಕಡಲ ತನಕ ಮನೆಗಳು. ಮಡಕೆಯ ಬಾಯಿಯಂಥ ಕಿರಿದಾದ ಬಾಯಿ, ಒಳಗೆ ಅಗಲವಾದ ನೀರು, ಅದೇ ಬಂದರು. ಮೀನು ಹಿಡಿಯುವವರು, ಎಣ್ಣೆ ಗಾಣ ಇಟ್ಟವರು. ಮನೆಗೊಂದು ಅಂಗಳ, ಅಂಗಳದಲ್ಲಿ ಬಾವಿ. ಅಗೆದಾಗ ಕೆಲವು ಮನೆಗಳ ಅಂಗಳದಲ್ಲೇ ತಿಪ್ಪೆಗುಂಡಿಯೂ ಸಿಕ್ಕಿದೆ ಎಂದು ಅವರು ಓದಿದಾಗ ನಾನು ಕಾಫಿ ಲೋಟ ಕೆಳಗಿಟ್ಟೆ. ಹಾಗಾದರೆ ಅವರು ನಮ್ಮಂಥ ಜನವೇ ಎಂದೆ.

ಎರಡನೇ ವಾರದಲ್ಲಿ ವಲಸೆಯ ಕಥೆ ಬಂತು. ಹಲಿಯೈಸಿನಿಂದ ದೂರದಲ್ಲಿ ಟಿರಿನ್ಸ್ ಎಂಬ ಇನ್ನೊಂದು ಊರು. ಬಹಳ ಹಳೆಯದು, ರಾಕ್ಷಸರೇ ಕಟ್ಟಿದರು ಅನ್ನುವಷ್ಟು ದಪ್ಪ ಕಲ್ಲಿನ ಕೋಟೆ. ಪಕ್ಕದ ಆರ್ಗೋಸ್ ನಗರದವರು ಅದರ ಮೇಲೆ ಬಿದ್ದು ಹಾಳು ಮಾಡಿದರು. ಜನ ಚದುರಿದರು, ಒಂದಷ್ಟು ಮಂದಿ ಹಲಿಯೈಸಿಗೆ ಬಂದು ನೆಲೆ ನಿಂತರು.

"ಅಂದ್ರೆ ಮುಳುಗಡೆಯೋರು" ಎಂದೆ.

"ನೀರಲ್ಲ ರಾಜಣ್ಣ, ಯುದ್ಧ."

"ಯಾವ್ದಾದ್ರೇನು ಮೇಡಂ, ಗಂಟು ಕಟ್ಟೋದು ಒಂದೇ."

ಆಮೇಲೆ ಎಷ್ಟೋ ಕಾಲದ ನಂತರ ಹಲಿಯೈಸೂ ಖಾಲಿಯಾಯಿತು, ಯಾಕೆಂದು ಸರಿಯಾಗಿ ಯಾರಿಗೂ ಗೊತ್ತಿಲ್ಲ. ಕಡಲು ಮೇಲೆ ಬಂದು ಕೆಳಗಿನ ಬೀದಿಗಳನ್ನು ಮುಚ್ಚಿತು. ಅಲ್ಲಿ ಮೇಡಂ, ಅಲೆಗಳು ಗೋಡೆಗಳನ್ನು ಹೊತ್ತೊಯ್ದವು, ತಳಪಾಯ ಮಾತ್ರ ಉಳಿಯಿತು ಎಂದು ಬರೆದಿದ್ದರು. ಗೋಡೆ ಯಾವುದರದು ಎಂದು ಕೇಳಿದೆ. ಕೆಳಗೆ ಮೊಣಕಾಲೆತ್ತರ ಕಲ್ಲು, ಮೇಲೆ ಹಸಿ ಇಟ್ಟಿಗೆ ಎಂದರು.

"ಆಗಿದ್ರೆ ಒತ್ಕೊಂಡು ಓಗಿಲ್ಲ ಮೇಡಂ. ಮಣ್ಣಿನ ಗೋಡೆ ನೀರಲ್ಲಿ ಕೊಚ್ಚಿ ಓಗಲ್ಲ, ನಿಂತ ಜಾಗದಲ್ಲೇ ಕರಗುತ್ತೆ. ಕರಗಿ ಕಲ್ಲಿನ ಸಾಲಿನ ಪಕ್ಕದಲ್ಲೇ ಕೂರುತ್ತೆ. ನಮ್ಮೂರಲ್ಲಿ ನೀರಿಳಿದಾಗ ನೋಡಿವ್ನಿ."

ಅವರು ಪೆನ್ನು ತೆಗೆದು ಅಲ್ಲೇ ಸಾಲು ಹೊಡೆದು ಹಾಕಿ ನಾನು ಹೇಳಿದಂತೆ ಬರೆದರು. ಆವತ್ತು ಸಂಜೆ ಹಳ್ಳಿಮೈಸೂರಿನ ಬಸ್ಸಲ್ಲಿ ನಿಂತುಕೊಂಡೇ ಬಂದರೂ ಕಾಲು ನೋಯಲಿಲ್ಲ.

ಅದೇ ವಾರ ಊರಲ್ಲಿ ರಸ್ತೆ ಅಗಲ ಮಾಡಲು ಗುರುತು ಹಾಕಿದರು. ನಮ್ಮ ಕರುಗಲ್ಲು ಗುರುತಿನ ಒಳಗೆ ಬಂತು.

ನಮ್ಮ ಸೀಮೆಯಲ್ಲಿ ಊರು ಕಟ್ಟುವಾಗ ಮೊದಲು ನೆಡುವುದು ಕರುಗಲ್ಲು. ಅದು ಊರಿನ ಮುಂದೆ ನಿಂತಿರುತ್ತದೆ. ಅದಕ್ಕೆ ಗುಡಿ ಇಲ್ಲ, ಮುಖ ಇಲ್ಲ, ಬರೀ ಕಲ್ಲು. ಅದಿದ್ದರೆ ಊರು, ಇಲ್ಲದಿದ್ದರೆ ಬರೀ ಮನೆಗಳು. ಮುಳುಗಡೆಯ ಹೊತ್ತಿನಲ್ಲಿ ನಮ್ಮ ತಾತ ಹಳೇ ಊರಿನ ಕರುಗಲ್ಲನ್ನು ಕಿತ್ತು ಲಾರಿಯಲ್ಲಿ ತಂದು ಇಲ್ಲಿ ನೆಟ್ಟರು ಎಂದು ಹೇಳುವುದನ್ನು ಕೇಳಿಕೊಂಡೇ ನಾನು ಬೆಳೆದದ್ದು. ಅದಕ್ಕೇ ಯುಗಾದಿಯ ಹೊನ್ನಾರಿನ ದಿನ, ವರ್ಷದ ಮೊದಲ ನೇಗಿಲು ಹೂಡುವ ಮುಂಚೆ, ಕಲ್ಲಿಗೆ ಮೊದಲ ಕಾಯಿ ಒಡೆಯುವುದು ನಮ್ಮ ಮನೆಯವರು. ಉಳಿದವರದು ಆಮೇಲೆ. ಆ ಮೊದಲ ಕಾಯಿ ಹಿಡಿದು ನಡೆಯುವಾಗ ನಾನು ಓದು ಬಿಟ್ಟವನು ಅನ್ನುವುದು ನನಗೆ ಮರೆತೇಹೋಗುತ್ತಿತ್ತು.

ಮಳೆ ಬೀಳುವ ಮೊದಲು ಕಲ್ಲನ್ನು ಎಂಟು ಮಾರು ಹಿಂದಕ್ಕೆ ಇಡಬೇಕು, ಆ ಕೆಲಸ ರಾಜಣ್ಣನದೇ ಎಂದು ಊರವರು ತೀರ್ಮಾನಿಸಿದರು. ಒಂದು ಭಾನುವಾರ ಬೆಳಗ್ಗೆ ಸ್ನಾನ ಮಾಡಿ ಒಬ್ಬನೇ ಹೋದೆ. ಕಲ್ಲಿಗೆ ಕಬ್ಬಿಣ ತಾಗಿಸಬಾರದು ಎಂಬ ಕಟ್ಟು ಇದೆ. ಹರಳೆಣ್ಣೆ, ಅರಿಸಿನ, ಧೂಳು ಸೇರಿ ಒಂದು ಬೆರಳು ದಪ್ಪ ಪದರ ಕಟ್ಟಿತ್ತು. ಹಗ್ಗ ಹಾಕಿ ಎತ್ತಿದರೆ ಜಾರುತ್ತದೆ. ಬಿಸಿನೀರು ಹೊಯ್ದು ಸೀಗೆಪುಡಿ ಹಚ್ಚಿ, ತೆಂಗಿನ ನಾರಿನಿಂದ ಉಜ್ಜುತ್ತ ಕೂತೆ. ಪದರ ಬಿಟ್ಟಿತು.

ಕೆಳಗೆ ಉಳಿ ಹಾಕಿದ ಗುರುತು ಇತ್ತು. ಇಂಗ್ಲಿಷಿನ ಮೂರು ಅಕ್ಷರ, ಅದರಡಿ ನೇರ ಅಡ್ಡಗೆರೆ.

ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಾಲೆ ಕೆಲಸದಲ್ಲಿ ಎರಡು ವರ್ಷ ದುಡಿದಿದ್ದೇನೆ. ಡ್ಯಾಮಿನ ನೀರು ತುಂಬಿದಾಗ ಎಲ್ಲಿವರೆಗೆ ಬರುತ್ತದೆ ಎಂದು ಸರ್ಕಾರದವರು ನೆಟ್ಟುಕೊಂಡು ಹೋದ ಮಟ್ಟದ ಕಲ್ಲು ಅದು. ನಾವು ನಲವತ್ತು ವರ್ಷದ ಮೇಲಿನಿಂದ ಎಣ್ಣೆ ಎರೆದದ್ದು ನಮ್ಮನ್ನು ಎಬ್ಬಿಸಿದ ಇಲಾಖೆಯ ಕಲ್ಲಿಗೆ. ತಾತ ಅವಸರದಲ್ಲಿ ತಪ್ಪು ಕಲ್ಲು ಕಿತ್ತು ತಂದಿದ್ದಾರೆ.

ಕೈಗೆ ಸಿಕ್ಕಿದ ಅರಿಸಿನವನ್ನೆಲ್ಲ ಕಲಸಿ ಅಕ್ಷರದ ಮೇಲೆ ಬಳಿದೆ. ಮೇಲೆ ಹೊಸ ಪಂಚೆ ಸುತ್ತಿದೆ. ರಸ್ತೆಯಲ್ಲಿ ಪಕ್ಕದೂರಿನ ಪುಟ್ಟಸ್ವಾಮಿ ಟ್ರಾಕ್ಟರ್ ನಿಲ್ಲಿಸಿ, ಏನು ರಾಜಣ್ಣ, ಮುಳುಗಡೆ ದೇವರಿಗೆ ಸೀಗೆಕಾಯಿ ಸ್ನಾನವೋ ಎಂದು ಕೇಳಿದ. ಈ ಮನುಷ್ಯ ಮೂವತ್ತು ವರ್ಷದಿಂದ ನಮ್ಮನ್ನು ಛೇಡಿಸುತ್ತಾ ಬಂದವನು. ಅವನಿಗೇನಾದರೂ ಇದು ತಿಳಿದರೆ ಸಂತೆ ಸಂತೆಯಲ್ಲಿ ಹೇಳಿಕೊಂಡು ಬರುತ್ತಾನೆ. ತಲೆ ಆಡಿಸಿ ಪಂಚೆಯ ಗಂಟು ಇನ್ನೊಮ್ಮೆ ಬಿಗಿದೆ.

ಮೂರು ದಿನ ಸರಿಯಾಗಿ ಉಣ್ಣಲಿಲ್ಲ. ಹೇಳಿದರೆ ಅರವತ್ತು ಮನೆಯವರಿಗೆ ಏನು ಉಳಿಯುತ್ತದೆ? ಹೇಳದಿದ್ದರೆ ಮುಂದಿನ ಯುಗಾದಿಗೆ ಯಾವ ಮುಖ ಇಟ್ಟುಕೊಂಡು ಮೊದಲ ಕಾಯಿ ಹಿಡಿಯಲಿ? ನಾನು ಕಟ್ಟಿದ ಗೋಡೆಯಲ್ಲಿ ಒಂದು ಇಟ್ಟಿಗೆ ಓರೆಯಿದ್ದರೆ, ಯಾರೂ ಕಾಣದಿದ್ದರೂ ಕೆಡವಿ ಕಟ್ಟುವವನು ನಾನು.

ಮೇಡಂ ಮನೆಯಲ್ಲಿ ಟೈಲ್ಸು ಕೂರಿಸುವಾಗ ಒಂದನ್ನು ಒಡೆದೆ. ಅವರು ಚೂರು ಗುಡಿಸಿ ಬದಿಗಿಟ್ಟು ಕಾಫಿ ತಂದರು, ಹಾಳೆ ಓದಿದರು. ಟಿರಿನ್ಸಿನವರಿಗೆ ಒಬ್ಬಳು ದೇವಿ ಇದ್ದಳಂತೆ. ಕಾಡು ಪೇರ್ ಹಣ್ಣಿನ ಮರದಲ್ಲಿ ಕೆತ್ತಿದ, ಕೂತಿರುವ ವಿಗ್ರಹ. ಊರು ಬಿದ್ದಾಗ ಗೆದ್ದವರು ಅದನ್ನು ಎತ್ತಿಕೊಂಡು ಹೋಗಿ ತಮ್ಮ ದೇವಸ್ಥಾನದಲ್ಲಿ ಇಟ್ಟುಕೊಂಡರು.

ನಾನು ಕರಣೆ ಕೆಳಗಿಟ್ಟೆ. "ಆಗಿದ್ರೆ ಅಲಿಯೈಸಿಗೆ ಬರುವಾಗ ಇವ್ರ ಕೈಲಿ ಏನಿತ್ತು?"

"ದೇವಿ ಇರಲಿಲ್ಲ. ಊರಿನ ಹೆಸರಿತ್ತು."

ಅವರು ಒಂದು ಪುಸ್ತಕ ಬಿಡಿಸಿ ಚಿತ್ರ ತೋರಿಸಿದರು. ಹಲಿಯೈಸಿನಲ್ಲಿ ಅಗೆದಾಗ ಸಿಕ್ಕಿದ ಬಿಲ್ಲೆಯಂಥ ಸಣ್ಣ ತಾಮ್ರದ ನಾಣ್ಯ. ಒಂದು ಬದಿಗೆ ಆ ಕಡಲೂರಿನ ದೇವರು ಅಪೊಲೊನ ತಲೆ. ಇನ್ನೊಂದು ಬದಿಗೆ ಒಂದು ಮರ, ಜೊತೆಗೆ ಅಕ್ಷರ. ಆ ಅಕ್ಷರದಲ್ಲಿ ಹಲಿಯೈಸ್ ಎಂದಿರಲಿಲ್ಲ, ಟಿರಿನ್ಸಿನವರು ಎಂದಿತ್ತು. ಬಂದು ಎಷ್ಟೋ ವರ್ಷ ಆದ ಮೇಲೆ, ಬೇರೆಯವರ ಕಡಲ ದಡದಲ್ಲಿ ಕೂತು, ಅವರು ತಮ್ಮ ಹಳೇ ಊರ ಹೆಸರನ್ನು ಅಚ್ಚು ಹಾಕಿದ್ದಾರೆ. ಅಲ್ಲಿದ್ದ ದೇವರನ್ನೇ ತಮ್ಮ ದೇವರು ಮಾಡಿಕೊಂಡಿದ್ದಾರೆ.

"ಇವ್ರು ಟಿರಿನ್ಸಿನೋರಲ್ಲ, ದೇವಿ ನಮ್ತವ ಅವ್ಳೆ ಅಂತ ಗೆದ್ದೋರು ನಗಲಿಲ್ವಾ ಮೇಡಂ?"

"ನಕ್ಕಿರ್ತಾರೆ. ಆಮೇಲೆ ಇವರಿಗೆ ಕಷ್ಟವೂ ತಪ್ಪಲಿಲ್ಲ. ಅಥೆನ್ಸಿನವರು ಹಡಗಲ್ಲಿ ಬಂದು ಇಳಿದ್ರು. ಸ್ಪಾರ್ಟಾದ ಒಬ್ಬ, ಸರಕಿನ ಹಡಗಿನ ತುಂಬ ಜನ ಬಚ್ಚಿಟ್ಟುಕೊಂಡು ಬಂದು ಊರನ್ನೇ ಹಿಡಿದುಬಿಟ್ಟ. ಆಗಲೂ ಆ ಕಾಲದವರು ಏನಂತ ಬರೆದರು ಗೊತ್ತಾ? ಟಿರಿನ್ಸಿನವರ ಊರು ಹಲಿಯೈಸನ್ನು ಹಿಡಿದ ಅಂತ. ಹೊರಗಿನವರೂ ಆ ಹೆಸರನ್ನೇ ಹೇಳೋ ಹಾಗೆ ಮಾಡಿದ್ರು ನೋಡಿ."

ಅಷ್ಟು ಕೇಳಿ ಸಮಾಧಾನ ಆಯಿತು ಎಂದರೆ ಸುಳ್ಳು. ಅವರು ದೇವಿ ಇಲ್ಲ ಎಂದು ಗೊತ್ತಿದ್ದು ಬಾಳಿದರು. ನಮ್ಮವರು ಗೊತ್ತಿಲ್ಲದೆ ತಪ್ಪು ಕಲ್ಲಿಗೆ ಕೈ ಮುಗಿದರು. ಅದೇ ನನಗೆ ಚುಚ್ಚುತ್ತಿತ್ತು.

ಮನೆಯಲ್ಲಿ ಹೆಂಡತಿ ಜಯಮ್ಮ, ತಟ್ಟೆಯ ಮುದ್ದೆ ಹಾಗೇ ಇರುವುದನ್ನು ನೋಡಿ, "ಏನು, ಕಲ್ಲು ನುಂಗ್ದಂಗೆ ಕೂತಿದ್ದೀರಿ?" ಎಂದಳು. ಹೇಳಿಬಿಟ್ಟೆ. ಅವಳು ಅರಕಲಗೂಡಿನ ಕಡೆಯವಳು, ಮುಳುಗಡೆಯ ಸಂಕಟ ಕಂಡವಳಲ್ಲ. ತಾತನ ಜೊತೆ ಲಾರಿಯಲ್ಲಿ ಬಂದ ದೊಡ್ಡಪ್ಪ ಇನ್ನೂ ಗಟ್ಟಿಯಾಗಿದ್ದಾರಲ್ಲ, ಅವರನ್ನು ಕೇಳದೆ ನೀವೊಬ್ಬರೇ ಯಾಕೆ ಒಣಗುತ್ತೀರಿ ಎಂದಳು.

ದೊಡ್ಡಪ್ಪ ನಮ್ಮಪ್ಪನ ಅಣ್ಣ, ಎಂಬತ್ತರ ಆಸುಪಾಸು. ಹಳೇ ಊರು ಕಾಣುತ್ತಿದೆಯಂತೆ, ನೋಡಿ ಬರೋಣ ಎಂದು ಹೊರಡಿಸಿದೆ. ಕಲ್ಲಿನ ಮಾತು ಎತ್ತಲಿಲ್ಲ. ಹಾಸನಕ್ಕೆ ಒಂದು ಬಸ್ಸು, ಗೊರೂರಿಗೆ ಒಂದು, ಅಲ್ಲಿಂದ ಆಟೋ. ಆಮೇಲೆ ನಡಿಗೆ. ನೀರು ಹಿಂದೆ ಸರಿದು ಮೈಲಿಗಟ್ಟಲೆ ಹೂಳು ಬಿರುಕು ಬಿಟ್ಟು ಒಣಗಿತ್ತು. ದೊಡ್ಡಪ್ಪ ಕೋಲೂರಿಕೊಂಡು ನನಗಿಂತ ಮುಂದೆ ನಡೆದರು. ಇದು ಸಾಬರ ಅಂಗಡಿ, ಇದು ಮಾರಿಗುಡಿಯ ಮೆಟ್ಟಿಲು, ಇದು ನಮ್ಮ ಕೊಟ್ಟಿಗೆ ಎಂದು ಕಲ್ಲಿನ ಸಾಲುಗಳನ್ನು ಕೋಲಲ್ಲಿ ಮುಟ್ಟಿ ಮುಟ್ಟಿ ಹೇಳಿದರು. ಮೇಡಂ ಪುಸ್ತಕದಲ್ಲಿ, ತಿಳಿನೀರಿನ ಅಡಿಯಲ್ಲಿ ಹಲಿಯೈಸಿನ ಬೀದಿಗಳು ಕಾಣುವ ಚಿತ್ರ ಇತ್ತಲ್ಲ, ಥೇಟ್ ಹಾಗೇ. ಮೊಣಕಾಲೆತ್ತರ ಕಲ್ಲು, ಪಕ್ಕದಲ್ಲಿ ಕರಗಿ ಕೂತ ಮಣ್ಣು.

ಊರ ಮುಂದಿನ ಜಾಗಕ್ಕೆ ಬಂದಾಗ ದೊಡ್ಡಪ್ಪ ಚಪ್ಪಲಿ ಬಿಟ್ಟರು. ಹೂಳಿನಿಂದ ಒಂದು ಕರೀ ಕಲ್ಲಿನ ನೆತ್ತಿ ಮೊಳದಷ್ಟು ಮೇಲಿತ್ತು. ಅವರು ಟವೆಲ್ಲಿನಿಂದ ಅದರ ಮೇಲಿನ ಮಣ್ಣು ಒರೆಸಿ ಕೈ ಮುಗಿದರು. ನಾನು ಹತ್ತಿರ ಹೋಗಿ ಬಗ್ಗಿ ನೋಡಿದೆ.

"ದೊಡ್ಡಪ್ಪ, ಇದು?"

"ಕರುಗಲ್ಲು ಕಣ್ಲಾ. ಇನ್ನೇನು?"

"ಅಲ್ಲಿರೋದು?"

ಅವರು ನನ್ನ ಮುಖ ನೋಡಿದರು. "ಅರಿಸಿನ ಬಳ್ದು ಪಂಚೆ ಸುತ್ತಿದ್ದು ನೋಡ್ದಾಗ್ಲೇ ಅಂದ್ಕಂಡೆ, ಇವ್ನು ಅಕ್ಷರ ಓದ್ಬುಟ್ಟ ಅಂತ. ಕೂತ್ಕ."

ಮಾರಿಗುಡಿಯ ಮೆಟ್ಟಿಲ ಮೇಲೆ ಕೂತೆವು. ಲಾರಿ ಬಂದ ದಿನ ಹೊಳೆಯ ನೀರು ಆಗಲೇ ಕೆಳಗಿನ ಗದ್ದೆಗೆ ನುಗ್ಗಿತ್ತಂತೆ. ತಾತ, ದೊಡ್ಡಪ್ಪ, ಇನ್ನಿಬ್ಬರು ಕಬ್ಬಿಣದ ಕಟ್ಟು ಮುರಿದು ಹಾರೆ ಹಾಕಿ ಮಧ್ಯಾಹ್ನದವರೆಗೆ ಮೀಟಿದರು. ಕಲ್ಲು ಒಂದು ಬೆರಳು ಅಲ್ಲಾಡಲಿಲ್ಲ. ನೆಲದ ಮೇಲೆ ಕಂಡಿದ್ದಕ್ಕಿಂತ ಒಳಗೇ ಹೆಚ್ಚಿತ್ತು. ಹಾರೆ ಬಗ್ಗಿತು. ಡ್ರೈವರ್ ಹಾರನ್ ಹೊಡೆಯತೊಡಗಿದ. ಬರಿಗೈಯಲ್ಲೇ ಲಾರಿ ಹತ್ತಿದರು. ದಿಣ್ಣೆ ಹತ್ತಿ ಊರು ಹಿಂದಾಗುವಾಗ ನಮ್ಮಜ್ಜಿ ಲಾರಿ ನಿಲ್ಲಿಸಿ ಅಂದಳು, ನಿಲ್ಲಿಸದಿದ್ದರೆ ಧುಮುಕುತ್ತೇನೆ ಅಂದಳು. ರಸ್ತೆ ಪಕ್ಕದಲ್ಲಿ ಸರ್ಕಾರದವರು ನೆಟ್ಟ ಮಟ್ಟದ ಕಲ್ಲಿತ್ತು.

"ಅವ್ವನೇ ಬೆಟ್ಟು ಮಾಡಿ ತೋರ್ಸುದ್ಲು. ಅದ್ನ ಕಿತ್ಕೊಳ್ರೋ ಅಂದ್ಲು. ಅದು ನಮ್ ಎಬ್ಸಿದೋರ ಕಲ್ಲು ಕಣವ್ವ ಅಂದೆ. ಅದ್ಕೆ ಏನಂದ್ಲು ಗೊತ್ತಾ? ನೀರು ಇದ್ನ ದಾಟಕಿಲ್ಲ ಅಂತ ಸರ್ಕಾರ್ದೋರೇ ಬರ್ದವ್ರೆ, ಊರ್ ಮುಂದೆ ನಿಲ್ಸಾಕೆ ಇದ್ಕಿಂತ ಒಳ್ಳೇ ಕಲ್ಲು ಎಲ್ಲೈತೆ ತೋರ್ಸು ಅಂದ್ಲು."

"ಲಾರಿಯೋರು?"

"ಅರ್ಧ ಊರೇ ಆ ಲಾರೀಲಿತ್ತು. ಎಲ್ರೂ ಇಳ್ದು ಕೈ ಆಕುದ್ರು. ಎಲ್ರಿಗೂ ಗೊತ್ತು."

"ನಮ್ಗ್ಯಾಕೆ ಹೇಳಲಿಲ್ಲ ದೊಡ್ಡಪ್ಪ?"

"ಯಾವನ್ಲಾ ಕೇಳ್ದ? ನೀವು ಐಕ್ಳು, ಅಳೇ ಕಲ್ಲೇ ಬಂತು ಅಂತ ನೀವೇ ಕತೆ ಕಟ್ಕಂಡ್ರಿ. ಚೆಂದಾಗಿತ್ತು, ನಾವೂ ಅಂಗೇ ಬುಟ್ಟೋ."

ನಾನು ನಕ್ಕೆನೋ ಅತ್ತೆನೋ ಈಗ ನೆನಪಿಲ್ಲ. ಮೂರು ದಿನದಿಂದ ಎದೆಯ ಮೇಲೆ ಕೂತಿದ್ದದ್ದು ಇಳಿಯಿತು ಅಷ್ಟು ಗೊತ್ತು. ತಾತ ಮೋಸ ಹೋಗಿರಲಿಲ್ಲ, ಮೋಸ ಮಾಡಿಯೂ ಇರಲಿಲ್ಲ. ಮುದುಕಿಯೊಬ್ಬಳು ಕಣ್ಣು ಬಿಟ್ಟುಕೊಂಡು ಆರಿಸಿದ ಕಲ್ಲು ಅದು. ಹಳೇ ಕರುಗಲ್ಲಿಗೆ ಜಯಮ್ಮ ಕಟ್ಟಿಕೊಟ್ಟಿದ್ದ ಬುತ್ತಿಯಿಂದ ಒಂದು ಹಿಡಿ ಮೊಸರನ್ನ ಇಟ್ಟು, ಉಳಿದದ್ದನ್ನು ನಾವಿಬ್ಬರೂ ಉಂಡೆವು. ಅಷ್ಟು ರುಚಿಯಾಗಿ ನಾನು ಆ ಬೇಸಿಗೆಯಲ್ಲಿ ಉಂಡಿರಲಿಲ್ಲ.

ವಾಪಸ್ಸು ಬರುವಾಗ ಬಸ್ಸಲ್ಲಿ ನಾಣ್ಯದ ಕಥೆ ಹೇಳಿದೆ. ಹೆಸರು ಕೆತ್ತಬೇಕು ಅಂತ ಆಸೆ ದೊಡ್ಡಪ್ಪ, ಆದರೆ ಕಬ್ಬಿಣ ತಾಗಿಸಬಾರದಲ್ಲ ಎಂದೆ. ಅವರು ಕಣ್ಣು ಮುಚ್ಚಿಕೊಂಡೇ, "ಸರ್ಕಾರದ್ ಉಳಿನೇ ಬಿದ್ದೈತೆ, ನಿನ್ ಉಳಿ ಬಿದ್ರೆ ಏನಾದದು?" ಎಂದರು.

ಮೇ ಕೊನೆಯ ವಾರದಲ್ಲಿ ಕಲ್ಲು ಎತ್ತಿದೆವು. ಊರವರನ್ನು ಸೇರಿಸಿ ದೊಡ್ಡಪ್ಪನೇ ಕಥೆಯನ್ನೆಲ್ಲ ಹೇಳಿದರು. ಮುದುಕರು ತಲೆಯಾಡಿಸಿದರು. ನಮ್ಮ ವಯಸ್ಸಿನವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಡೆಗೆ ಯಾರೋ, ಮೊದಲ ಕಾಯಿ ತಾತನ ಹೆಸರಲ್ಲಿ ಸಾಕು, ಇನ್ನು ಮೇಲೆ ಅಜ್ಜಿಯ ಹೆಸರಲ್ಲಿ ಒಡೆಯಲಿ ಎಂದರು. ಯಾರೂ ಬೇಡ ಅನ್ನಲಿಲ್ಲ. ಸರ್ಕಾರದ ಅಕ್ಷರ ಮತ್ತು ಗೆರೆ ಊರಿನ ಕಡೆಗೆ ಕಾಣುವಂತೆ ಮಟ್ಟಗೋಲು ಹಿಡಿದು ನಿಲ್ಲಿಸಿದೆ. ರಸ್ತೆಯ ಕಡೆಗಿನ ಮೈಮೇಲೆ ನಾನೇ ಮೂರು ದಿನ ಕೂತು ಕೆತ್ತಿದ್ದು ಒಂದೇ ಮಾತು: ಹೊಳೆಸಾಲಹಳ್ಳಿ. ಎಂಟನೇ ಕ್ಲಾಸಿನಲ್ಲಿ ಫಾರಮ್ಮಿನ ಮೇಲೆ ಬರೆಯಲು ಬಿಡದಿದ್ದ ಹೆಸರು.

ಪುಟ್ಟಸ್ವಾಮಿ ಟ್ರಾಕ್ಟರ್ ನಿಲ್ಲಿಸಿ ಇಳಿದು ಓದಿದ, ಆಮೇಲೆ ಹಿಂದಕ್ಕೂ ಹೋಗಿ ನೋಡಿದ.

"ಇದೇನು ರಾಜಣ್ಣ, ಡ್ಯಾಮಿನ್ ಕಲ್ಲಲ್ವಾ?"

"ಊಂ, ಡ್ಯಾಮಿಂದೇ. ನೀರು ಇಲ್ಲಿಗೆ ನಿಲ್ತದೆ ಅಂತ ಬರ್ದೈತೆ. ನಿಮ್ಮೂರಿಗಿಲ್ವಲ್ಲ ಇಂಥದ್ದು" ಎಂದೆ.

ಅವನು ಗೆರೆಯನ್ನೊಮ್ಮೆ ಬೆರಳಲ್ಲಿ ಸವರಿ ಟ್ರಾಕ್ಟರ್ ಹತ್ತಿದ. ಈಗ ಅವನ ಬಾಯಲ್ಲೂ ಕಾಲೋನಿ ಹೋಗಿದೆ. ಗೊಬ್ಬರ ಇಳಿಸುವ ಆಳಿಗೆ, ಹೊಳೆಸಾಲಳ್ಳಿ ಕಲ್ಲಿನ ತವ ನಿಲ್ಸು ಅನ್ನುವುದನ್ನು ನಾನೇ ಕೇಳಿದ್ದೇನೆ.

ಜೂನ್ ಮೊದಲ ವಾರ ಮಳೆ ಹಿಡಿಯಿತು. ಜುಲೈ ಹೊತ್ತಿಗೆ ಡ್ಯಾಮು ತುಂಬಿತು, ಹಳೇ ಊರೂ ಹಳೇ ಕರುಗಲ್ಲೂ ಮತ್ತೆ ನೀರಿನೊಳಗೆ ಹೋದವು. ಮೇಡಂ ಮನೆಯ ಗೂಡು ಮುಗಿದು ಅದರಲ್ಲಿ ಪುಸ್ತಕಗಳು ಕೂತವು. ಮರುವರ್ಷ ಅವರ ಪುಸ್ತಕ ಬಂತು, ತೆಳ್ಳಗೆ. ಒಂದು ಪ್ರತಿ ನನಗೆ ಕೊಟ್ಟರು. ಮಣ್ಣಿನ ಗೋಡೆ ನಿಂತಲ್ಲೇ ಕರಗುತ್ತದೆ ಎಂಬ ಸಾಲು ಅದರಲ್ಲಿ ಹಾಗೇ ಇದೆ. ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ, ಇದನ್ನು ತಿಳಿಸಿದವರು ಹೊಳೆಸಾಲಹಳ್ಳಿಯ ರಾಜಣ್ಣ ಎಂದಿದೆ.

ಚನ್ನರಾಯಪಟ್ಟಣದ ಆ ದೇವರಕೋಣೆಯ ಕೆಲಸ ಮುಗಿಸಿ ಮೊನ್ನೆ ಮನೆಗೆ ಬಂದೆ. ಈಗ ನನ್ನ ಹತ್ತಿರ ಇರುವುದು ಇಷ್ಟು: ನಾನೇ ಕಟ್ಟಿದ ಮೂರಂಕಣದ ಮನೆ, ಒಂದೂವರೆ ಎಕರೆ ರಾಗಿ ಹೊಲ, ಒಂದು ಹಸು, ನಾಲ್ಕು ಕರಣೆ, ಎರಡು ಉಳಿ, ಒಂದು ಮಟ್ಟಗೋಲು, ಒಂದು ಪುಸ್ತಕ, ನೀರೊಳಗೆ ಒಂದು ಊರು, ನೀರಿನ ಮೇಲೆ ಒಂದು ಊರು. ಎರಡಕ್ಕೂ ಹೆಸರು ಒಂದೇ.